ಗುಂಡ್ಲುಪೇಟೆ ಬಸ್ಸಿನಲ್ಲಿ ಬಂದ ನೆಂಟರು

ನಮ್ಮ ಯಜಮಾನರು ವೃಷಭೇಂದ್ರಪ್ಪನವರಿಗೆ ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿ. ಅದು ಹೆಸರಿಗೆ. ಅವರ ನಿಜವಾದ ಕಸುಬು ನೆಂಟರಿಗೆ ಊರು ತೋರಿಸುವುದು. ಕುಂಬಾರಕೊಪ್ಪಲಿನ ನಮ್ಮ ಮನೆಗೆ ಯಾರೇ ಬರಲಿ, ಅಂಗಡಿಗೆ ಬೀಗ ಜಡಿದು ಅವರನ್ನು ಬಸ್‌ಸ್ಟ್ಯಾಂಡಿನಿಂದಲೇ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿಬಿಡುವರು. ಗುಂಬಜ್, ಸಂಗಮ, ಕೊನೆಗೆ ದರಿಯಾ ದೌಲತ್. ಟಿಪ್ಪುವಿನ ಆ ಬೇಸಿಗೆ ಅರಮನೆಯ ಗೋಡೆಯಲ್ಲಿ ಯುದ್ಧದ ದೊಡ್ಡ ಚಿತ್ರವಿದೆಯಲ್ಲ, ಅದರ ಮುಂದೆ ನಿಂತರೆಂದರೆ ಅವರಿಗೆ ಮೈಮೇಲೆ ದೇವರು ಬಂದಂತೆ ಎಂದು ಹೋಗಿ ಬಂದವರೆಲ್ಲ ಹೇಳುತ್ತಿದ್ದರು. ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಳ್ಳುವ ಇಂಗ್ಲಿಷ್ ದೊರೆಯನ್ನು ಅಭಿನಯಿಸಿಯೇ ತೋರಿಸುವರಂತೆ.

ನೋಡದವಳು ನಾನೊಬ್ಬಳೇ. ನೆಂಟರು ಬಿಸಿಲಲ್ಲಿ ಸುತ್ತಿ ಹಸಿದು ಬರುವ ಹೊತ್ತಿಗೆ ಎಲೆ ಹಾಕಿರಬೇಕಲ್ಲ? ಬೇಳೆ ಬೇಯಿಸಿ, ಹೂರಣ ರುಬ್ಬಿ, ಹೋಳಿಗೆ ತಟ್ಟುತ್ತಾ ನಾನು ಮನೆಯಲ್ಲಿ. ನನ್ನನ್ನೂ ಕರೆದುಕೊಂಡು ಹೋಗಿ ಅಂದಾಗಲೆಲ್ಲ ಅವರದು ಒಂದೇ ಉತ್ತರ, ಇದ್ದೂರಿನವಳು ನೀನು, ಯಾವಾಗ ಬೇಕಾದರೂ ನೋಡಬಹುದು ಎಂದು. ಮದುವೆಯಾಗಿ ಬಂದೆ, ಮಗಳು ಶಿಲ್ಪಶ್ರೀಯ ಮದುವೆಯನ್ನೂ ಮಾಡಿದೆ, ಆ ‘ಯಾವಾಗ’ ಮಾತ್ರ ಬರಲಿಲ್ಲ. ಒಬ್ಬಳೇ ಬಸ್ಸು ಹತ್ತಿ ಹೋಗಿ ಬರಬಹುದಿತ್ತು, ಅರ್ಧ ಗಂಟೆಯ ದಾರಿ. ನನಗೆ ಬೇಕಿದ್ದದ್ದು ಅದಲ್ಲ. ಊರವರಿಗೆಲ್ಲ ಬಾಯಿ ತುಂಬ ಹೇಳುವ ಆ ಕತೆಯನ್ನು ಅವರು ನನ್ನನ್ನು ಎದುರು ನಿಲ್ಲಿಸಿಕೊಂಡು ಹೇಳಬೇಕಿತ್ತು. ಇದು ಬಾಯಿಬಿಟ್ಟು ಕೇಳುವ ಮಾತಲ್ಲ, ಹಾಗಾಗಿ ಸಿಟ್ಟು ಒಳಗೇ ಕುದಿಯುತ್ತಿತ್ತು.

ತೊಂಬತ್ತೇಳರ ಬೇಸಿಗೆಯಲ್ಲಿ ಅವ್ವನನ್ನು ನೋಡಲು ಗುಂಡ್ಲುಪೇಟೆಗೆ ಹೋಗಿದ್ದೆ. ಭಾನುವಾರ ತಾವೆಲ್ಲ ಮೈಸೂರಿಗೆ ಬರುತ್ತೇವೆಂದು ತಮ್ಮ ಸಿದ್ದಲಿಂಗಸ್ವಾಮಿ ಹೇಳಿದ. ವಾಡಿಕೆಯ ಪ್ರಕಾರ ನಾನು ಶನಿವಾರವೇ ಹೊರಟು ಬಂದು ಅಡುಗೆಗೆ ಅಣಿ ಮಾಡಬೇಕು. ಸೀರೆ ಮಡಿಚಿ ಬ್ಯಾಗಿಗೆ ಇಡುತ್ತಿದ್ದವಳಿಗೆ ಏನನ್ನಿಸಿತೋ, ಮಡಿಚಿದ್ದನ್ನು ಮತ್ತೆ ಬಿಚ್ಚಿ ಬಟ್ಟೆ ಹಾಕುವ ಗಳುವಿಗೆ ಹಾಕಿದೆ. ನಾನೂ ನಿಮ್ಮ ಜೊತೆಯಲ್ಲೇ ಬರುತ್ತೇನೆ, ನೆಂಟರಾಗಿ ಅಂದೆ. ತಮ್ಮನ ಹೆಂಡತಿ ಮಂಜುಳಮ್ಮ ನಕ್ಕೂ ನಕ್ಕೂ ಸುಸ್ತಾದಳು. ಅವ್ವ ಮಾತ್ರ ನಗದೆ, ಹಂಗಾದ್ರೆ ಒಳ್ಳೇ ಸೀರೆ ಉಟ್ಕೊ ಅಂದಳು.

ಸಿದ್ದಲಿಂಗಸ್ವಾಮಿ ಪಾತ್ರೆ ಅಂಗಡಿಗೆ ಫೋನು ಮಾಡಿ, ನಾಲ್ಕು ಜನ ಬರುತ್ತಿದ್ದೇವೆ ಬಾವ ಎಂದು ತಿಳಿಸಿದ. ನಾಲ್ಕನೆಯವರು ಯಾರೆಂದು ಯಜಮಾನರು ಕೇಳಲೇ ಇಲ್ಲ. ಶನಿವಾರ ಬಾರದ ನಾನು ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಬಂದೇ ಬರುತ್ತೇನೆಂದು ನಂಬಿ, ಅವರು ಪಕ್ಕದ ಮನೆಯ ಅಂಬುಜಮ್ಮನ ಕೈಗೆ ಬೀಗದ ಕೈ ಕೊಟ್ಟು, ಸೊಪ್ಪು ತರಕಾರಿಯನ್ನೂ ಅಲ್ಲೇ ಇಳಿಸಿ, ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರು.

ಬಸ್ಸಿನಿಂದ ತಮ್ಮ ಇಳಿದ, ಮಂಜುಳಮ್ಮ ಇಳಿದಳು, ಅವ್ವನ ಕೈ ಹಿಡಿದು ಇಳಿಸಿದೆವು. ಕೊನೆಗೆ ಹಸಿರು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ನಾನು. ಅವರ ಮುಖ ನೋಡಬೇಕಿತ್ತು.

“ನೀನೇನೇ ಇಲ್ಲಿ? ಮನೇಲಿ ಅಡುಗೆ?”

“ಬಂದ ನೆಂಟ್ರನ್ನ ಅಡುಗೆ ಏನು ಅಂತ ಕೇಳ್ತಾರೇನ್ರೀ?” ಅಂದೆ.

ತಮ್ಮ ಪಕ್ಕಕ್ಕೆ ತಿರುಗಿ ಕೆಮ್ಮಿದ. ಯಜಮಾನರ ಕಿವಿ ಕೆಂಪಾಯಿತು. ಮನೆಗೆ ನಡಿ ಎಂದು ಗದರಿದರೆ ಅತ್ತೆಯ ಎದುರು ಮರ್ಯಾದೆ ಹೋಗುತ್ತದೆ. ಬಂದ ನೆಂಟರಿಗೆ ಶ್ರೀರಂಗಪಟ್ಟಣ ತೋರಿಸದೆ ಕಳಿಸಿದವರು ಎಂಬ ಮಾತು ಬಂದರೆ ಅದಕ್ಕಿಂತ ಹೆಚ್ಚು ಹೋಗುತ್ತದೆ. ಅತ್ತ ಇತ್ತ ನೋಡಿದರು. ಕೊನೆಗೆ ನನ್ನ ಕೈಯಿಂದ ಬ್ಯಾಗು ಇಸಿದುಕೊಂಡರು. ಮದುವೆಯಾದ ಮೇಲೆ ಅವರು ನನ್ನ ಬ್ಯಾಗು ಹಿಡಿದದ್ದು ಅದೇ ಮೊದಲು.

ಗುಂಬಜಿನಲ್ಲಿ ಅವರು ಬಿಗಿದುಕೊಂಡೇ ಇದ್ದರು, ಎರಡು ಮಾತಿನಲ್ಲಿ ಮುಗಿಸಿದರು. ಸಂಗಮದಲ್ಲಿ ಅವ್ವ ನೀರು ಚಿಮುಕಿಸಿಕೊಂಡು ಅಳಿಯನನ್ನು ಹೊಗಳಿದ ಮೇಲೆ ಸ್ವಲ್ಪ ಸಡಿಲವಾದರು. ದರಿಯಾ ದೌಲತ್ತಿನ ಜಗಲಿ ಹತ್ತಿ ಆ ಗೋಡೆಯ ಎದುರು ನಿಂತಾಗ, ನಾನಿದ್ದೇನೆ ಎನ್ನುವುದನ್ನೇ ಮರೆತರೇನೋ ಅನ್ನಿಸಿತು. ದನಿ ಏರಿತು, ಕೈ ಕುಣಿಯಿತು. ಕುದುರೆಗಳು, ಫಿರಂಗಿ, ಮದ್ದಿನ ಬಂಡಿ ಸಿಡಿದದ್ದು, ಎಲ್ಲವನ್ನೂ ಹೇಳುತ್ತಾ ಹೋದರು. ಪಲ್ಲಕ್ಕಿಯ ದೊರೆಯ ಹತ್ತಿರ ಬಂದಾಗ ನಿಂತರು. ನನ್ನ ಕಡೆ ತಿರುಗಿದರು. ನನ್ನನ್ನೇ ನೋಡುತ್ತಾ ಬೆರಳು ಕಚ್ಚಿ ತೋರಿಸಿದರು.

ನನಗೆ ಅಳು ಬಂತು, ನಗುವೂ ಬಂತು. ಇಷ್ಟು ಚೆನ್ನಾಗಿ ಹೇಳುವ ಗಂಡನನ್ನು ಊರೆಲ್ಲ ನೋಡಿತ್ತು, ನಾನು ಈಗ ನೋಡಿದೆ. ಚಪ್ಪಾಳೆ ತಟ್ಟಿದೆ. ಅಲ್ಲಿದ್ದ ಬೇರೆ ಊರಿನವರೂ ತಟ್ಟಿದರು.

ಅಲ್ಲಿಗೆ ಅವರ ಕತೆ ಮುಗಿಯಿತು. ಉಳಿದವರು ತೋಟದ ನೆರಳಿಗೆ ಹೋದರು. ನಾನು ಸುತ್ತಿಕೊಂಡು ಇನ್ನೊಂದು ಬದಿಯ ಗೋಡೆಗೆ ಹೋದೆ. ಅಲ್ಲಿ ಚೌಕ ಚೌಕವಾಗಿ ರಾಜರ ದರ್ಬಾರುಗಳು. ಒಂದು ಚೌಕದಲ್ಲಿ ಹೆಂಗಸು, ರಾಣಿ. ಅವಳೇ ದರ್ಬಾರು ನಡೆಸುತ್ತಿದ್ದಳು. ಹುಡುಕಿಕೊಂಡು ಬಂದ ಯಜಮಾನರನ್ನು ಇವಳು ಯಾರು ಎಂದು ಕೇಳಿದೆ.

ಅವರು ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು. “ಗೊತ್ತಿಲ್ಲ ಕಣೇ. ಈ ಕಡೆ ನಾನು ಯಾವತ್ತೂ ನಿಂತೇ ಇಲ್ಲ.”

“ಯಾಕೆ?”

“ಊಟಕ್ಕೆ ಹೊತ್ತಾಗುತ್ತೆ, ಮನೇಲಿ ನೀನು ಕಾಯ್ತಿರ್ತೀಯ ಅಂತ ಹೊರಟುಬುಡ್ತಿದ್ದೆ.”

ಇದನ್ನು ಅವರು ಯಾವತ್ತೂ ಹೇಳಿರಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅವರು ಅಭ್ಯಾಸಬಲದಿಂದ ಗಡಿಯಾರ ನೋಡಿ, ಈಗಲೂ ಹೊತ್ತಾಯಿತು ಅಂದರು.

“ಆಗ್ಲಿ ಬುಡಿ. ಇವತ್ತು ಮನೇಲಿ ಯಾರೂ ಕಾಯ್ತಿಲ್ಲ” ಅಂದೆ.

ಅವರು ಗಡಿಯಾರ ಕಟ್ಟಿದ್ದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಪಕ್ಕದ ಚೌಕದ ಮುಂದೆ ಹೋಗಿ ನಿಂತೆ. ಅವರೂ ಬಂದು ನಿಂತರು.