ಗುಂಡಿ ಡಬ್ಬಿಯ ಮಾತ್ರೆಗಳು

ಅಮ್ಮನ ಹೆಣದ ಕೈಗೆ ಸುತ್ತಿದ್ದ ಬ್ಯಾಂಡೇಜು ಕಾಣದಿರಲೆಂದು ಮಗಳು ಅಂಗಿಯ ತೋಳನ್ನು ಕೆಳಗೆಳೆದಳು. ಎಷ್ಟೆಳೆದರೂ ಸಾಲದು. ಬೀದಿಯವರಿಗೆಲ್ಲ ಅಳತೆ ತಪ್ಪದೆ ಹೊಲಿಯುತ್ತಿದ್ದ ಅಮ್ಮ, ತನ್ನ ಅಂಗಿಗೆ ಮಾತ್ರ ಬಟ್ಟೆ ಮಿಗಿಸಲು ಗಿಡ್ಡ ತೋಳಿಡುತ್ತಿದ್ದಳು.

“ಬೆರಳಿಗೆ ಸೂಜಿ ಚುಚ್ಚಿದ್ದಕ್ಕೆ ಯಾರಾದ್ರೂ ಸಾಯ್ತಾರೇನೇ?” ಸೋದರಮಾವ ಗೋಳಾಡಿದ. “ಮನೇಲಿ ಅಷ್ಟೊಂದು ಮಾತ್ರೆ ಇಟ್ಕೊಂಡಿದ್ಲಲ್ಲ!”

“ಬೀದಿಗೇ ಡಾಕ್ಟ್ರಮ್ಮ ಆಗಿದ್ಲು,” ಎಂದಳು ಪಕ್ಕದ ಮನೆಯ ಅಜ್ಜಿ, ಮೊಮ್ಮಗುವನ್ನು ಮಡಿಲಲ್ಲಿಟ್ಟುಕೊಂಡು. “ಕೈಗುಣ ಅಂದ್ರೆ ಅವಳ್ದು.”

ಡಾಕ್ಟರು ಹೇಳಿದ್ದನ್ನು ಮಗಳಿನ್ನೂ ಯಾರ ಕಿವಿಗೂ ಹಾಕಿರಲಿಲ್ಲ.

*

ಅಮ್ಮ ಯಾವ ಮಾತ್ರೆಯ ಪಟ್ಟಿಯನ್ನೂ ಪೂರ್ತಿ ಮುಗಿಸಿದವಳಲ್ಲ. ಜ್ವರ ಬಿಟ್ಟಿತೋ, ಉಳಿದದ್ದು ಗುಂಡಿಗಳ ಡಬ್ಬಿ ಸೇರುತ್ತಿತ್ತು. ನೆಗಡಿ, ಹಲ್ಲುನೋವು ಎಂದು ಯಾರೇ ಬರಲಿ, ಹೊಲಿಗೆ ನಿಲ್ಲಿಸಿ ಪಟ್ಟಿಯಿಂದ ಎರಡು ಕತ್ತರಿಸಿ ಕೊಡುವಳು.

“ಪೂರ್ತಿ ತಗೋಬೇಕು ಅಂದಿದ್ರಲ್ಲಮ್ಮ ಡಾಕ್ಟ್ರು?”

“ವಾಸಿಯಾದ್ಮೇಲೂ ನುಂಗೋಕೆ ಅದೇನು ಪೆಪ್ಪರಮಿಂಟಾ? ಇಟ್ರೆ ಇನ್ನೊಬ್ರಿಗಾಗುತ್ತೆ.”

ಮಗಳು ನಕ್ಕಿದ್ದಳು. ಎಂಥ ತಾಯಿ ಎಂದು ಹೆಮ್ಮೆಯನ್ನೂ ಪಟ್ಟಿದ್ದಳು.

ಕೈ ಊದಿಕೊಂಡಾಗಲೂ ಅಮ್ಮ ಮೊದಲು ತಡಕಿದ್ದು ಆ ಡಬ್ಬಿಯನ್ನೇ. ಆಸ್ಪತ್ರೆ ಸೇರುವಷ್ಟರಲ್ಲಿ ನಂಜು ರಕ್ತಕ್ಕಿಳಿದಿತ್ತು.

“ಯಾವ ಔಷಧೀನೂ ನಾಟ್ತಿಲ್ಲಮ್ಮ,” ಎಂದರು ಡಾಕ್ಟರು. “ಬೇಡದ್ದಕ್ಕೆಲ್ಲ ನುಂಗೋದು, ಬೇಕಾದಾಗ ಅರ್ಧಕ್ಕೇ ಬಿಡೋದು. ಕ್ರಿಮಿಗಳು ಈ ಮಾತ್ರೆಗಳಿಗೆ ಪಳಗಿಬಿಟ್ಟಿವೆ. ಇವರೊಬ್ಬರ ಕತೆಯಲ್ಲ ಇದು.”

*

ಹೆಣ ಎತ್ತುವ ಹೊತ್ತಿಗೆ ಅಜ್ಜಿ ಬಂದು ಮಗಳ ತೋಳು ಹಿಡಿದಳು. “ಕೂಸಿನ ಮೈ ಕೆಂಡ ಆಗಿದೆ ಕಣೆ. ಆ ಡಬ್ಬೀಲಿರೋದು ಎರಡು ಕೊಡು.”

“ಬೇಡ ಅಜ್ಜಿ. ಡಾಕ್ಟ್ರಿಗೆ ತೋರಿಸಿ.”

“ನಿಮ್ಮಮ್ಮ ಯಾವತ್ತೂ ಇಲ್ಲ ಅಂದೋಳಲ್ಲ. ಹೋಗ್ಲಿ ಬಿಡು, ಅವಳು ಕೊಟ್ಟಿದ್ದೇ ಮನೇಲಿದೆ. ಅರ್ಧ ಮುರಿದು ಹಾಕ್ತೀನಿ.”

“ಕಂಡಕಂಡದ್ದಕ್ಕೆಲ್ಲ ಅವನ್ನೇ ತಿಂದೂ ತಿಂದೂ ಅಮ್ಮಂಗೆ ಕೊನೇಲಿ ಯಾವುದೂ ನಾಟ್ಲಿಲ್ಲ ಅಜ್ಜಿ!”

“ಹೆತ್ತವಳ ಹೆಣದ ಮುಂದೆ ಆಡೋ ಮಾತಾ ಇದು?” ಎಂದ ಮಾವ.

ಅಜ್ಜಿ ಮುಖ ಗಂಟಿಕ್ಕಿಕೊಂಡು ಕೂಸನ್ನೆತ್ತಿ ಮನೆಯತ್ತ ಹೊರಟಳು. ಕೂಸು ಏದುಸಿರು ಬಿಡುತ್ತಿತ್ತು, ಪಕ್ಕೆಗಳು ಒಳಕ್ಕೆಳೆದುಕೊಳ್ಳುತ್ತಿದ್ದವು. ಅಮ್ಮನೊಂದಿಗೆ ನಡೆಯಲು ಉಳಿದದ್ದು ಮಸಣದ ಈ ದಾರಿಯೊಂದೇ, ಇದೂ ತಪ್ಪಿದರೆ ಮತ್ತೆಂದೂ ಸಿಗದು. ಮಗಳು ಬಗ್ಗಿ ಅಮ್ಮನ ತಣ್ಣನೆಯ ಹಣೆಗೆ ಕೆನ್ನೆಯೊತ್ತಿದಳು. ಆಮೇಲೆ ಓಡಿಹೋಗಿ ಅಜ್ಜಿಯ ಕೈಯಿಂದ ಕೂಸನ್ನು ಕಿತ್ತುಕೊಂಡಳು.

“ಎಲ್ಲಿಗೇ ಹೊರಟೆ?” ಮಾವ ಕೂಗಿದ.

“ಆಸ್ಪತ್ರೆಗೆ. ನೀವು ನಡೀರಿ ಮಾವ.”

ಬೀದಿಯ ಕೊನೆಯಲ್ಲಿ ಹೆಣ ಹೊತ್ತವರು ಎಡಕ್ಕೆ ಹೊರಳಿದರು. ಮಗಳು ಬಲಕ್ಕೆ ಓಡಿದಳು, ಹಿಂದೆಯೇ ಬರಿಗಾಲಲ್ಲಿ ಅಜ್ಜಿ. ಮಗಳು ತಿರುಗಿ ನೋಡಲಿಲ್ಲ. ಅವಳ ಹೆಗಲ ಮೇಲೆ ಗಲ್ಲವೂರಿದ್ದ ಕೂಸು, ದೂರವಾಗುತ್ತಿದ್ದ ಹೆಣವನ್ನು ಕಣ್ಣರಳಿಸಿ ನೋಡುತ್ತಿತ್ತು.