ಹುಟ್ಟುಗಣ್ಣು

ಶಿರಸಿಯಲ್ಲಿ ಒಬ್ಬರಿಗೆ ಅಡ್ಡಹೆಸರು ಬಿತ್ತೆಂದರೆ ಅದು ರೇಷನ್ ಕಾರ್ಡಿನ ಹೆಸರಿಗಿಂತ ಗಟ್ಟಿ. ಡ್ರೈವರ್ ಶಂಕ್ರಪ್ಪನಿಗೆ ಬಿದ್ದ ಹೆಸರು ‘ಕಣ್ಣು ಮಾರಿದ ಶಂಕ್ರಪ್ಪ’. ಅವನು ತೀರಿಕೊಂಡು ಹದಿನೆಂಟು ವರ್ಷವಾದರೂ ಹೆಸರು ಮಾತ್ರ ಆರೋಗ್ಯವಾಗಿತ್ತು. ಅವನ ಹೆಂಡತಿ ಪಾರ್ವತವ್ವನಿಗೆ ಈಗ ಎಪ್ಪತ್ತೆಂಟು. ಹಾಲು ತರಲು ಹೋದಾಗ ಹಳಬರು ಯಾರಾದರೂ ಪಕ್ಕದವರಿಗೆ ಅವಳ ಗುರುತು ಹೇಳುವುದು ಆ ಹೆಸರಿನಿಂದಲೇ. ಕೇಳಿಸದವಳ ಹಾಗೆ ನಡೆದುಬಿಡುತ್ತಿದ್ದಳು. ಕೇಳಿಸುತ್ತಿತ್ತು, ಪ್ರತಿ ಸಲವೂ.

ಕಣ್ಣೆಂದರೆ ಕಾರಿನ ಕಣ್ಣು. ವಾನಳ್ಳಿಯ ವಿಶ್ವೇಶ್ವರ ನಾಯ್ಕರ ಬಳಿ ೧೯೩೭ರ ಒಂದು ಕಪ್ಪು ಆಸ್ಟಿನ್ ಇತ್ತು, ಹಡಗಿನಲ್ಲಿ ಇಂಗ್ಲೆಂಡಿನಿಂದ ಬಂದದ್ದು. ಮುಂದುಗಡೆ ಎರಡು ಹೆಡ್‌ಲೈಟುಗಳು ತಂಬಿಗೆ ಮಲಗಿಸಿಟ್ಟ ಹಾಗೆ ಹೊರಗೇ ಕೂತಿದ್ದವು. ಶಂಕ್ರಪ್ಪ ಆ ಕಾರನ್ನು ಹದಿಮೂರು ವರ್ಷ ಓಡಿಸಿದ. ಒಂದು ಮಳೆಗಾಲ ಅರಬೈಲ್ ಘಟ್ಟದಲ್ಲಿ ರಸ್ತೆಬದಿಯ ಎತ್ತರದ ಧರೆಯಿಂದ ಕಲ್ಲು ಉರುಳಿ ಬಲಗಡೆಯ ಹೆಡ್‌ಲೈಟು ಪುಡಿಪುಡಿಯಾಯಿತು. ಅವನೇ ಹುಬ್ಬಳ್ಳಿಗೆ ಹೋಗಿ ಬೇರೆ ತಂದು ಕೂರಿಸಿದ. ಎದುರಿನವರ ಕಣ್ಣಿಗೆ ಬೆಳಕು ಹೊಡೆಯಬಾರದೆಂದು ಆಗ ಎಲ್ಲರೂ ಮಾಡುತ್ತಿದ್ದಂತೆ ಎರಡೂ ಗಾಜಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿದ. ಬಹಳ ಹುಷಾರಿನ ಮನುಷ್ಯ. ಆ ಹುಷಾರೇ ಮುಂದೆ ಅವನ ಕುತ್ತಿಗೆಗೆ ಬಂತು.

ನಾಲ್ಕೈದು ವರ್ಷ ಕಳೆದ ಮೇಲೆ ಎಡಗಡೆಯ ಹೆಡ್‌ಲೈಟಿನ ಒಳಗಿನ ಬಟ್ಟಲು, ಬಲ್ಬಿನ ಬೆಳಕನ್ನು ಮುಂದಕ್ಕೆ ದೂಡುವ ಕನ್ನಡಿಯಂಥ ಬಟ್ಟಲು, ಕಪ್ಪಗಾಯಿತು. ಬಲಗಡೆಯದು ಥಳಥಳ ಹೊಳೆಯುತ್ತಿತ್ತು. ಯಾವುದೋ ಒಂದನ್ನು ಬದಲಿಸಿದ್ದು ನಾಯ್ಕರಿಗೆ ನೆನಪಿತ್ತು. ಯಾವುದನ್ನು ಎಂಬುದು ನೆನಪಿರಲಿಲ್ಲ. ನೆನಪಿಲ್ಲ ಎಂದು ಒಪ್ಪಿಕೊಳ್ಳುವ ಜಾತಿಯೂ ಅವರದಲ್ಲ. ಹೊಳೆಯುವುದು ಇಂಗ್ಲೆಂಡಿನದು, ಕರಿಯದು ಗುಜರಿಯದು, ಬಲಗಡೆಗೆ ಕಲ್ಲು ಬಿತ್ತೆಂಬುದು ಕಟ್ಟುಕತೆ, ಈ ಶಂಕ್ರಪ್ಪ ಎಡಗಡೆಯ ಒಳ್ಳೇ ಕಣ್ಣು ಮಾರಿಕೊಂಡು ಕುರುಡುಗಣ್ಣು ಹಾಕಿದ್ದಾನೆ ಎಂದು ತೀರ್ಮಾನಿಸಿದರು. ತೀರ್ಮಾನವನ್ನು ಮನೆಯಲ್ಲಿಟ್ಟುಕೊಳ್ಳಲಿಲ್ಲ. ಸಿದ್ದಾಪುರದ ಪೇಟೆಯಲ್ಲಿ, ನಡುಹಗಲಿನಲ್ಲಿ, ಜನರ ನಡುವೆ ಗಟ್ಟಿಯಾಗಿ ಕೂಗಿ ಹೇಳಿ ಅವನ ಕೈಯಿಂದ ಚಾವಿ ಕಿತ್ತುಕೊಂಡರು.

ಎರಡನ್ನೂ ಬಿಚ್ಚಿ ನೋಡಿ ಎಂದು ಶಂಕ್ರಪ್ಪ ಅಂಗಲಾಚಿದ. ನಾಯ್ಕರು ಕಾರು ಮುಟ್ಟಗೊಡಲಿಲ್ಲ. ಆಮೇಲೆ ಅವನು ಲಾರಿ ಓಡಿಸಿದ. ಕಿರವತ್ತಿಯ ಢಾಬಾದಲ್ಲಿ ಊಟಕ್ಕೆ ಕೂತರೆ ಬೇರೆ ಡ್ರೈವರುಗಳು ಎದ್ದು ಹೋಗಿ ತಮ್ಮ ಲಾರಿಯ ಹೆಡ್‌ಲೈಟು ಮುಟ್ಟಿ ನೋಡಿಕೊಂಡು ಬಂದು ನಗುತ್ತಿದ್ದರಂತೆ. ಮಗ ಶರಣನಿಗೆ ಶಾಲೆಯಲ್ಲೂ ಅದೇ ಕಾಟ. ಶಂಕ್ರಪ್ಪ ಯಾರ ಮೇಲೂ ಏರಿಹೋಗಲಿಲ್ಲ. ಹೆಂಡತಿಗೆ ಮಾತ್ರ ಆಗಾಗ ಹೇಳುತ್ತಿದ್ದ: “ಎಡಗಡೀದು ಹುಟ್ಟುಗಣ್ಣು, ಬಲಗಡೀದು ತಂದ ಕಣ್ಣು. ನೀನಾರ ನೆನಪಿಡು.” ಅವಳು ನೆನಪಿಟ್ಟಳು. ಹೆಂಡತಿಯ ನೆನಪನ್ನು ಸಾಕ್ಷಿ ಎಂದು ಊರು ಯಾವತ್ತು ಒಪ್ಪೀತು?

ಹೀಗೆ ನಲವತ್ತಾರು ವರ್ಷ ಹೋದವು. ಶರಣ ಯಲ್ಲಾಪುರ ರಸ್ತೆಯಲ್ಲಿ ಮನೆಯ ಮುಂದೆಯೇ ಗಾಡಿಗಳ ವೈರಿಂಗ್ ಅಂಗಡಿ ಇಟ್ಟ. ಒಂದು ಬುಧವಾರ ಬೆಳಿಗ್ಗೆ ಅಲ್ಲಿಗೆ ಚೀಲ ಹಿಡಿದುಕೊಂಡು ಒಬ್ಬ ಯುವಕ ಬಂದ. ವಾನಳ್ಳಿಯವನು, ಹೆಸರು ಉಲ್ಲಾಸ. ಅಜ್ಜನ ಕಾಲದ ಆಸ್ಟಿನ್ ಕಾರನ್ನು ಕೊಟ್ಟಿಗೆಯಿಂದ ಹೊರತೆಗೆದು ಎರಡು ವರ್ಷದಿಂದ ರಿಪೇರಿ ಮಾಡಿಸಿದ್ದಾನೆ. ಭಾನುವಾರ ಸಿದ್ದಾಪುರದ ಮೈದಾನದಲ್ಲಿ ಹಳೇ ಕಾರುಗಳ ಪ್ರದರ್ಶನವಿದೆ. ಯಾವ ಭಾಗ ಮೂಲದ್ದು, ಯಾವುದು ಬದಲಿಸಿದ್ದು ಎಂದು ಪರೀಕ್ಷಕರಿಗೆ ಬರೆದುಕೊಡಬೇಕು. ಇಷ್ಟನ್ನೂ ಹೇಳಿ ಚೀಲದಿಂದ ಎರಡು ಹೆಡ್‌ಲೈಟು ತೆಗೆದು ಮೇಜಿನ ಮೇಲಿಟ್ಟ.

“ಈ ಕರೀದು ಡೂಪ್ಲಿಕೇಟು. ಹಿಂದೆ ಒಬ್ಬ ಡ್ರೈವರ್ ಒಳ್ಳೇದು ಮಾರ್ಕಂಡು ಇದನ್ನ ಹಾಕಿದ್ನಂತೆ, ಅಜ್ಜ ಹೇಳ್ತಿರ್ತಾರೆ. ಹೊಳೆಯೋದಕ್ಕೆ ಒಂದು ಜೋಡಿ ಹುಡುಕ್ಕೊಡಿ ಅಣ್ಣ, ಇದನ್ನ ಎಸೆದ್ಬಿಡಿ.”

ಶರಣನ ಕೈಯಲ್ಲಿದ್ದ ಸ್ಪಾನರು ಅಲ್ಲೇ ನಿಂತಿತು. ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ಪಾರ್ವತವ್ವ ಮೊರ ಬದಿಗಿಟ್ಟು ಎದ್ದು ಬಂದಳು. ಸಿಟ್ಟು ಬಂದಿತ್ತು. ಯಾವುದಕ್ಕಾಗಿ ಗಂಡನ ಮಾನ ಹೋಯಿತೋ ಅದನ್ನು ಅವಳು ಇಷ್ಟು ಹತ್ತಿರದಿಂದ ನೋಡುತ್ತಿದ್ದುದು ಇದೇ ಮೊದಲು.

“ತಮ್ಮಾ, ಆ ಡ್ರೈವರ್ ಹೆಸರು ಶಂಕ್ರಪ್ಪ. ನನ್ನ ಯಜಮಾನ್ರು. ಇಂವಾ ಅವರ ಮಗ. ಎಸೆಯೂದು ಇರಲಿ, ಮೊದಲು ನೋಡೂಣು.”

ಉಲ್ಲಾಸನ ಮುಖ ಬಾಡಿಹೋಯಿತು. ಎದ್ದು ಹೋಗಬಹುದಿತ್ತು. ಹೋಗಲಿಲ್ಲ, ಸ್ಟೂಲು ಎಳೆದುಕೊಂಡು ಕೂತ. ಪಾರ್ವತವ್ವನಿಗೆ ಆ ಹುಡುಗನ ಮೇಲೆ ಅಷ್ಟಕ್ಕೇ ಅರ್ಧ ಸಿಟ್ಟು ಇಳಿಯಿತು.

ಶರಣ ಹಳೇ ಸ್ಪೀಕರಿನಿಂದ ಕಿತ್ತಿಟ್ಟ ಅಯಸ್ಕಾಂತ ತಂದ. ಹೊಳೆಯುವ ಬಟ್ಟಲಿಗೆ ಅದು ಟಪ್ಪನೆ ಅಂಟಿತು: ಒಳಗೆ ಬರೀ ಕಬ್ಬಿಣದ ತಗಡು. ಕರಿ ಬಟ್ಟಲಿಗೆ ಅಂಟಲಿಲ್ಲ: ಹಿತ್ತಾಳೆ. ಉಲ್ಲಾಸ ಕಣ್ಣು ಕಿರಿದು ಮಾಡಿ, ಹಿತ್ತಾಳೆಯಾದ ಮಾತ್ರಕ್ಕೆ ಇಂಗ್ಲೆಂಡಿನದು ಹೇಗಾದೀತು ಎಂದು ಕೇಳಿದ. ಕೇಳಿದ್ದು ನ್ಯಾಯವಾಗಿಯೇ ಇತ್ತು.

ಪಾರ್ವತವ್ವ ಮಾತ್ರ ಆ ಕಪ್ಪನ್ನೇ ನೋಡುತ್ತಿದ್ದಳು. ಹಿತ್ತಾಳೆ ಮಾಸಿದರೆ ಕಂದು, ಹಸಿರು. ಇದು ಆ ಮಾಸಲ್ಲ. ನೀಲಿ ಬೆರೆತ ಈ ಕಪ್ಪು ಅವಳಿಗೆ ದಿನಬೆಳಗಾದರೆ ಗೊತ್ತಿದ್ದದ್ದು. ಕೊರಳಲ್ಲಿ ಲಿಂಗವನ್ನಿಟ್ಟುಕೊಳ್ಳುವ ಬೆಳ್ಳಿಯ ಕರಡಿಗೆ ಇತ್ತಲ್ಲ, ನಾಲ್ಕು ದಿನ ತಿಕ್ಕದಿದ್ದರೆ ಅದಕ್ಕೂ ಹೀಗೇ ಕಪ್ಪು ಹಿಡಿಯುತ್ತಿತ್ತು. ಒಳಗೆ ಹೋಗಿ ವಿಭೂತಿ ಗಟ್ಟಿಯನ್ನೂ ಹಳೇ ಧೋತರದ ತುಂಡನ್ನೂ ತಂದಳು. ಮಗ ತಡೆದ. ಮೇಲಿನ ಲೇಪ ತೆಳ್ಳಗಿದ್ದರೆ ತಿಕ್ಕಿದ ಕೂಡಲೇ ಎದ್ದುಹೋಗುತ್ತದೆ, ಇರುವ ಒಂದೇ ಸಾಕ್ಷಿ ಅದರ ಜೊತೆಗೇ ಹೋಗುತ್ತದೆ ಎಂದ.

“ಅರವತ್ತು ವರ್ಷ ಕರಡಿಗಿ ತಿಕ್ಕೇನಿ. ಒಂದು ಗೀರು ಬಿದ್ದಿಲ್ಲ” ಎಂದಳು ಪಾರ್ವತವ್ವ.

ವಿಭೂತಿಯನ್ನು ನುಣ್ಣಗೆ ಪುಡಿ ಮಾಡಿ, ಒಂದು ಹನಿ ನೀರು ಬಿಟ್ಟು, ತೋರುಬೆರಳಿಗೆ ಬಟ್ಟೆ ಸುತ್ತಿ ಬಟ್ಟಲಿನ ಅಂಚಿನಲ್ಲಿ ಸುತ್ತಿಸಿ ಸುತ್ತಿಸಿ ಒರೆಸಿದಳು. ಬಟ್ಟೆ ಕರ್ರಗಾಯಿತು. ಬಟ್ಟಲೂ ಕರ್ರಗೇ ಇತ್ತು. ಬಟ್ಟೆಯ ಮಡಿಕೆ ಬದಲಿಸಿದಳು. ಮೂರನೇ ಮಡಿಕೆಗೆ ಕಾಸಿನಗಲ ಬಿಳುಪು ಕಂಡಿತು, ಆಮೇಲೆ ಅಂಗೈಯಗಲ. ಶರಣ ಉಸಿರು ಬಿಟ್ಟ. ಅರ್ಧ ಗಂಟೆಯಲ್ಲಿ ಇಡೀ ಬಟ್ಟಲು ಬೆಳ್ಳಗೆ ಬೆಳಗಿ ಅವಳ ಮುಖವನ್ನು ತಲೆಕೆಳಗಾಗಿ ತೋರಿಸುತ್ತಿತ್ತು. ಪಕ್ಕದಲ್ಲಿದ್ದ ‘ಒಳ್ಳೇ ಕಣ್ಣು’ ಸ್ಟೀಲಿನ ಚಮಚದ ಹಾಗೆ ಪೆಚ್ಚಾಗಿ ಕೂತಿತ್ತು.

“ಬೆಳ್ಳಿ” ಎಂದ ಉಲ್ಲಾಸ, ಮೆಲ್ಲಗೆ. ಈ ವಿಷಯವನ್ನು ಅಜ್ಜನಿಗೆ ತಾನೇ ಹೇಳುತ್ತೇನೆ ಎಂದ. ಪಾರ್ವತವ್ವ ಬೇಡವೆಂದಳು. ಭಾನುವಾರ ಅಜ್ಜನನ್ನು ಸಿದ್ದಾಪುರಕ್ಕೆ ಕರೆತಂದರೆ ಸಾಕು ಎಂದಳು.

ಭಾನುವಾರ ಮೈದಾನದಲ್ಲಿ ಹದಿನಾಲ್ಕು ಹಳೇ ಕಾರುಗಳು ಸಾಲಾಗಿ ನಿಂತಿದ್ದವು. ತೊಂಬತ್ತೆರಡರ ವಿಶ್ವೇಶ್ವರ ನಾಯ್ಕರನ್ನು ಆಸ್ಟಿನ್ ಪಕ್ಕ ಕುರ್ಚಿಯಲ್ಲಿ ಕೂರಿಸಿದ್ದರು. ಪರೀಕ್ಷಕಿ ತನುಜಾ, ಹಳೇ ಕಾರುಗಳನ್ನೇ ಓದಿ ತಲೆ ನೆರೆಸಿಕೊಂಡ ಹೆಂಗಸು, ಎಡಗಡೆಯ ಹೆಡ್‌ಲೈಟಿನ ಮುಂದೆ ಬಹಳ ಹೊತ್ತು ಬಗ್ಗಿ ನಿಂತಳು. ಹಿತ್ತಾಳೆಯ ಮೇಲೆ ಬೆಳ್ಳಿ, ಆ ಕಾಲದ ಕೆಲಸವೇ ಹೀಗೆ ಎಂದಳು. ಬಳಿಕ ಬಲಗಡೆಗೆ ಬಂದು, ಗಾಜಿನ ಮೇಲಿದ್ದ ಹಳೇ ಕಪ್ಪು ಬಣ್ಣ ತೆಗೆಯಬಹುದೇ ಎಂದು ಕೇಳಿದಳು.

ಶರಣ ಬಟ್ಟೆಯನ್ನು ಥಿನ್ನರಿನಲ್ಲಿ ಅದ್ದಿ ಒರೆಸಿದ. ಶಂಕ್ರಪ್ಪ ಬಳಿದಿದ್ದ ಬಣ್ಣ ಅರ್ಧ ಶತಮಾನದ ನಂತರ ಮಗನ ಕೈಗೆ ಬಂತು. ಅದರಡಿಯಲ್ಲಿ ಗಾಜಿನಲ್ಲೇ ಎರಕವಾಗಿದ್ದ ಇಂಗ್ಲಿಷ್ ಅಕ್ಷರಗಳಿದ್ದವು. ತನುಜಾ ನಕ್ಕು, ಗಟ್ಟಿಯಾಗಿ ಓದಿದಳು: “ಮೇಡ್ ಇನ್ ಇಂಡಿಯಾ.” ೧೯೩೭ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಕಾರಿಗೆ ಈ ಕಣ್ಣು ಹುಟ್ಟಿನಿಂದ ಬಂದದ್ದಲ್ಲ, ಯಾರೋ ಆಮೇಲೆ ತಂದು ಹಾಕಿದ್ದು ಎಂದು ಹೇಳಿ ಹಾಳೆಯಲ್ಲಿ ಬರೆದುಕೊಂಡಳು. ಎಡ: ಮೂಲದ್ದು. ಬಲ: ಬದಲಿ.

ಪಾರ್ವತವ್ವ ಸೆರಗು ಸರಿಮಾಡಿಕೊಂಡು ನಾಯ್ಕರ ಕುರ್ಚಿಯೆದುರು ಹೋಗಿ ನಿಂತಳು. ತಾನು ಯಾರೆಂದು ಹೇಳಿದಳು. ಮುದುಕರು ಅವಳನ್ನೂ ಗಾಜನ್ನೂ ಮತ್ತೆ ಮತ್ತೆ ನೋಡಿದರು. “ಶಂಕ್ರಪ್ಪಂದು ತಪ್ಪಿರ್ಲಿಲ್ಲ” ಎಂದರು, ತಮಗೇ ಹೇಳಿಕೊಂಡ ಹಾಗೆ.

“ಗಟ್ಟಿಯಾಗಿ ಹೇಳ್ರಿ, ನಾಯ್ಕರ” ಎಂದಳು ಪಾರ್ವತವ್ವ. “ಅವತ್ತು ಗಟ್ಟಿಯಾಗಿ ಹೇಳಿದ್ರಿ.”

ನಾಯ್ಕರು ಮೊಮ್ಮಗನ ಭುಜ ಹಿಡಿದು ಎದ್ದು ನಿಂತರು. ಹಳೇ ಗಂಟಲು, ಆದರೂ ಮೈದಾನದ ಆಚೆ ತುದಿಗೆ ಕೇಳಿಸಿತು. “ನನ್ನ ಡ್ರೈವರ್ ಶಂಕ್ರಪ್ಪ ಕಣ್ಣು ಮಾರಿದವನಲ್ಲ. ನಾನು ಸುಳ್ಳು ಹೇಳಿ ಅವನ ಹೆಸರು ಕೆಡಿಸಿದೆ.”

ಪಾರ್ವತವ್ವನ ಕಣ್ಣಲ್ಲಿ ನೀರು ಬಂತು, ಬರಲಿ ಎಂದು ಬಿಟ್ಟಳು. ಏನು ಬೇಕು ಕೇಳಿ ಎಂದು ಉಲ್ಲಾಸ ಅಂದಾಗ ಅವಳು ಯೋಚಿಸಲೇ ಇಲ್ಲ. ಈ ಕಾರಿನಲ್ಲಿ ಶಿರಸಿಗೆ ಹೋಗಬೇಕು, ಶರಣ ಓಡಿಸಬೇಕು, ತಾನು ಮುಂದೆ ಕೂರಬೇಕು. ಹೆಡ್‌ಲೈಟು ಹಾಕಿರಬೇಕು.

ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಆಸ್ಟಿನ್ ಹೊರಟಿತು. ಎದುರು ಬಂದ ಮೊದಲ ಬೈಕಿನವನೇ ಕೈ ಎತ್ತಿ ಬೆರಳು ಮುಚ್ಚಿ ತೆರೆದು ತೋರಿಸಿದ: ಲೈಟು ಉರೀತಾ ಇದೆ. ಹಿಂದೆಯೇ ಬಸ್ಸಿನವನೂ ತೋರಿಸಿದ. ಶಿರಸಿ ಪೇಟೆ ತಲುಪುವಷ್ಟರಲ್ಲಿ ಹಣ್ಣಿನ ಗಾಡಿಯವರು, ಆಟೋದವರು, ಹಾಲಿನಂಗಡಿಯ ಮುಂದಿನ ಆ ಹಳಬರು, ಎಲ್ಲರೂ ಕೈಯೆತ್ತಿ ಶಂಕ್ರಪ್ಪನ ಕಣ್ಣು ಉರಿಯುತ್ತಿದೆ ಎಂದು ಸಾರುತ್ತಿದ್ದರು. ಪಾರ್ವತವ್ವ ಕಿಟಕಿಯಿಂದ ಕೈ ಹೊರಚಾಚಿ ಒಬ್ಬೊಬ್ಬರಿಗೂ ತಿರುಗಿ ಬೆರಳು ಮುಚ್ಚಿ ತೆರೆದು, ನಗುತ್ತ ಹೇಳಿದಳು: “ಗೊತ್ತೈತ್ರಿ. ಉರೀಲಿ.”