ಶೀನಣ್ಣನ ಪೆನ್‌ಡ್ರೈವ್ ಪ್ರಸ್ಥಾನ

ಚಾಮರಾಜಪೇಟೆಯ ಆ ಸಹಕಾರ ಸಂಘದ ಆಫೀಸಿಗೆ ಕಟ್ಟಿದವರು ಆರು ಕಿಟಕಿ ಇಟ್ಟಿದ್ದರು. ಐದನ್ನು ಫೈಲುಗಳು ಮುಚ್ಚಿಹಾಕಿದ್ದವು. ಉಳಿದ ಒಂದರ ಪಕ್ಕದಲ್ಲಿ ಶೀನಣ್ಣ ಇಪ್ಪತ್ತಾರು ವರ್ಷಗಳಿಂದ ಕೂತಿದ್ದ.

ಅದು ಸಾಮಾನ್ಯ ಸೀಟಲ್ಲ. ಅಲ್ಲಿಂದ ನೋಡಿದರೆ ಎದುರು ಹೋಟೆಲಿನ ದೋಸೆ ಕಾವಲಿ ನೇರ ಕಾಣುತ್ತಿತ್ತು. ಕಾವಲಿಗೆ ನೀರು ಚಿಮುಕಿಸಿದ ‘ಚುಂಯ್’ ಸದ್ದಿಗೆ ಶೀನಣ್ಣ ಎದ್ದು ಹೊರಟರೆ, ರಸ್ತೆ ದಾಟಿ ಅವನು ಟೇಬಲ್ಲಿಗೆ ಬರುವುದಕ್ಕೂ ದೋಸೆ ಬರುವುದಕ್ಕೂ ಸರಿಹೋಗುತ್ತಿತ್ತು. ಇಷ್ಟು ವರ್ಷದಲ್ಲಿ ಒಂದೇ ಒಂದು ದಿನ ಅವನು ತಡ ಮಾಡಿದ್ದ. ಅವತ್ತು ದೋಸೆಯೇ ಹೋಟೆಲಿನ ಬಾಗಿಲವರೆಗೆ ಬಂದು ನೋಡಿತ್ತಂತೆ. ನೋಡಿದವರು ಇನ್ನೂ ಇದ್ದಾರೆ.

ಅಂಥ ಸೀಟಿಗೆ ಕಂಟಕ ಬಂದದ್ದು ಹೊಸ ಕಾರ್ಯದರ್ಶಿ ಪೂಜಿತಾ ಅವರ ಸುತ್ತೋಲೆಯ ರೂಪದಲ್ಲಿ. ಸಂಘದ ಕಂಪ್ಯೂಟರುಗಳಲ್ಲಿ ಇನ್ನು ಮುಂದೆ ಓಪನ್ ಸೋರ್ಸ್ ತಂತ್ರಾಂಶ ಮಾತ್ರ. ಅಂದರೆ ಯಾರೋ ಪುಣ್ಯಾತ್ಮರು ಬರೆದು, ಎಲ್ಲರೂ ಬಳಸಿ, ತಿದ್ದಿ, ಹಂಚಿಕೊಳ್ಳಿ ಎಂದು ಬಿಟ್ಟುಕೊಟ್ಟದ್ದು. ಅದನ್ನು ಕಲಿಯಲು ಸಿಬ್ಬಂದಿಯೆಲ್ಲ ಹನ್ನೆರಡು ವಾರದ ಆನ್‌ಲೈನ್ ದೂರಶಿಕ್ಷಣ ಕೋರ್ಸು ಮಾಡಬೇಕು. ಪಾಸಾಗದವರು ಬಿನ್ನಿಪೇಟೆ ಗೋಡೌನಿನ ದಾಖಲೆ ಕೊಠಡಿಗೆ. ಅಲ್ಲಿಗೆ ಹಿಂದೆ ಹೋಗಿದ್ದ ಗುಮಾಸ್ತನೊಬ್ಬ ಆರು ತಿಂಗಳ ನಂತರ ಹೊರಗೆ ಬಂದಾಗ ಬಿಸಿಲನ್ನು ನೋಡಿ, “ತಾವು ಯಾರು ಗೊತ್ತಾಗ್ಲಿಲ್ಲ” ಎಂದಿದ್ದ.

“ಮೇಡಂ, ನಂಗೆ ಐವತ್ತೈದು,” ಎಂದ ಶೀನಣ್ಣ.

“ಕೋರ್ಸಿಗೆ ವಯಸ್ಸಿನ ಮಿತಿ ಇಲ್ಲ ಸರ್.”

“ನಂಗಿದೆ ಮೇಡಂ.”

ಬಚ್ಚಲ ಗೋಡೆಗೆ ಬೆನ್ನು ಕೊಟ್ಟು ಕೂರುವ ಮಾಯಣ್ಣ ಕಿಟಕಿಯನ್ನೇ ನೋಡುತ್ತಾ, “ಅಲ್ಲೊಂದು ಕರ್ಟನ್ ಹಾಕ್ಸಿದ್ರೆ ಚೆನ್ನಾಗಿರ್ತದೆ,” ಎಂದ. ಶೀನಣ್ಣ ಆ ಕ್ಷಣವೇ ಕೋರ್ಸಿಗೆ ಹೆಸರು ಬರೆಸಿದ.

ಮಾಯಣ್ಣ ಕೆಟ್ಟವನಲ್ಲ. ನಕಲು ತೆಗೆಯುವುದರಲ್ಲಿ ಅವನನ್ನು ಮೀರಿಸುವವರು ಜಿಲ್ಲೆಯಲ್ಲೇ ಇರಲಿಲ್ಲ, ಅಷ್ಟೆ. ಏನು ಕೊಟ್ಟರೂ ಓದದೆ, ಯೋಚಿಸದೆ, ಇದ್ದ ಹಾಗೆ ಇಳಿಸುತ್ತಿದ್ದ. ಒಮ್ಮೆ ಮೂಲ ಪ್ರತಿಯಲ್ಲಿ ಸೊಳ್ಳೆಯೊಂದು ಸತ್ತು ಅಂಟಿಕೊಂಡಿತ್ತು. ಮಾಯಣ್ಣ ಮಾಡಿದ ಹದಿನಾಲ್ಕು ಪ್ರತಿಗಳಲ್ಲೂ ಅದೇ ಜಾಗದಲ್ಲಿ ಒಂದೊಂದು ಸೊಳ್ಳೆ ಇತ್ತು.

ಬಸವನಗುಡಿಯ ಮನೆಯಲ್ಲಿ ದಿನಾ ಸಂಜೆ ಪಾಠ ನಡೆಯಿತು. ಶೀನಣ್ಣ ಲ್ಯಾಪ್‌ಟಾಪಿನ ಮುಂದೆ ಕೈಕಟ್ಟಿ ಕೂರುತ್ತಿದ್ದ. ಹೆಂಡತಿ ಚೂಡಾಮಣಿ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಕೇಳುತ್ತಿದ್ದಳು. ಪ್ರಶ್ನೆ ಬಂದಾಗ ಶೀನಣ್ಣ ನೋಟ್ಸು ತಿರುವುತ್ತಿದ್ದ, ಚೂಡಾಮಣಿ ಕಾಯಿಯಿಂದ ತಲೆ ಎತ್ತದೆ “ಮೂರನೇದು ಒತ್ರೀ” ಎನ್ನುತ್ತಿದ್ದಳು. ಅದೇ ಸರಿಯಾಗಿರುತ್ತಿತ್ತು.

ನಾಲ್ಕನೇ ವಾರ ವಿಡಿಯೋದ ಮೇಷ್ಟ್ರು, ಇಲ್ಲಿ ಯಾರು ಯಾರದ್ದನ್ನು ಬೇಕಾದರೂ ನಕಲು ಮಾಡಬಹುದು, ಬರೆದವರ ಹೆಸರು ಮಾತ್ರ ಅಳಿಸಬಾರದು ಎಂದರು. ಶೀನಣ್ಣ ವಿಡಿಯೋ ನಿಲ್ಲಿಸಿದ.

“ಕೇಳ್ದೇನೇ? ಇದನ್ನೇ ಮಾಡಿದ್ದಕ್ಕೆ ಎಸ್ಸೆಸ್ಸೆಲ್ಸೀಲಿ ನನ್ನ ಆಚೆ ನಿಲ್ಲಿಸಿದ್ರು!”

“ನೀವು ಪಕ್ಕದೋನ ಹೆಸರು ಬರೆದಿದ್ರಾ?”

“ಅವನ ರಿಜಿಸ್ಟರ್ ನಂಬರೂ ಬರ್ದಿದ್ದೆ ಕಣೆ. ಅದ್ರಲ್ಲೇ ಸಿಕ್ಕಾಕ್ಕೊಂಡಿದ್ದು.”

ಕೊನೆಯ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಇರಲಿಲ್ಲ. ಜಗತ್ತಿನ ಯಾವುದಾದರೂ ಓಪನ್ ಸೋರ್ಸ್ ಪ್ರೋಗ್ರಾಂ ಆರಿಸಿ, ಅದರಲ್ಲಿರುವ ಕೊರತೆಯೊಂದನ್ನು ತುಂಬಿ, ಕೋರ್ಸಿನ ಫಾರಂ ಮೂಲಕ ಅದರ ಯಜಮಾನರಿಗೆ ಕಳಿಸಬೇಕು. ಅವರು ಒಪ್ಪಿದರೆ ಪಾಸು. ಕಳಿಸಲು ಕೊನೆಯ ಗಡುವು ಜನವರಿಯ ಮೊದಲ ಶುಕ್ರವಾರ, ಮಧ್ಯಾಹ್ನ ಹನ್ನೆರಡು ಗಂಟೆ.

ಶೀನಣ್ಣ ಆರಿಸಿದ್ದು ನಾರ್ವೆ ದೇಶದ ಉತ್ತರ ತುದಿಯಲ್ಲಿರುವ ಒಬ್ಬ ಮಹಾಶಯನ ಕ್ಯಾಲೆಂಡರ್ ಪ್ರೋಗ್ರಾಂ. ಅದರಲ್ಲಿ ಸೂರ್ಯೋದಯ, ಸೂರ್ಯಾಸ್ತ, ಚಂದ್ರನ ಕಲೆ, ಸಮುದ್ರದ ಉಬ್ಬರವಿಳಿತ ಎಲ್ಲವೂ ಇತ್ತು. ರಾಹುಕಾಲ ಇರಲಿಲ್ಲ.

“ಇದನ್ನಿಟ್ಕೊಂಡು ಆ ದೇಶದೋರು ಹೆಣ್ಣು ನೋಡೋಕೆ ಹೆಂಗೆ ಹೋಗ್ತಾರೆ!” ಎಂದು ಅವನು ನಿಜವಾಗಿ ಮರುಗಿದ.

ಮರುಗಿದವನು ಸುಮ್ಮನೆ ಕೂರಲಿಲ್ಲ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಭಾಗ ಮಾಡಿ, ಆಯಾ ವಾರಕ್ಕೆ ರಾಹುವಿನ ಪಾಲು ಯಾವುದೋ ಅದನ್ನು ಎತ್ತಿ ತೋರಿಸುವ ನಲವತ್ತು ಸಾಲನ್ನು ಮೂರು ವಾರ ಕೂತು ಬರೆದ. ಜಗತ್ತಿನ ಯಾವ ಊರು ಹಾಕಿದರೂ ಅಲ್ಲಿಯ ರಾಹುಕಾಲ ನಿಮಿಷಸಹಿತ ಬರುತ್ತಿತ್ತು. ಉತ್ತರಪತ್ರಿಕೆಯ ಅಭ್ಯಾಸದಂತೆ ನೆತ್ತಿಯ ಮೇಲೆ ‘ಶ್ರೀ’, ಅದರ ಕೆಳಗೆ ತನ್ನ ಪೂರ್ತಿ ಹೆಸರು, ಕೋರ್ಸಿನ ರಿಜಿಸ್ಟರ್ ನಂಬರು ಹಾಕಿದ.

ಆ ವಾರ ಮಾಯಣ್ಣ ಮನೆಗೆ ಬಂದ. ಕಾಫಿ ಕುಡಿದ. “ಒಂದ್ಸಲ ನೋಡ್ಕೊಂಡು ಕೊಡ್ತೀನಿ ಅಣ್ಣ, ನಂಗೆ ಏನೂ ತಿಳೀತಿಲ್ಲ,” ಎಂದು ಒಂದು ಪ್ರತಿ ತೆಗೆದುಕೊಂಡು ಹೋದ. ನಕಲು ತಪ್ಪಲ್ಲ ಎಂದು ಮೇಷ್ಟ್ರೇ ಹೇಳಿರುವಾಗ ಶೀನಣ್ಣ ಬೇಡ ಎನ್ನುವುದು ಹೇಗೆ?

ಅವನು ಅಂದೇ ಕಳಿಸಿಬಿಡಬಹುದಿತ್ತು. ಆದರೆ ವಾರದಲ್ಲಿ ಏಳು ದಿನ ಇವೆ, ಏಳನ್ನೂ ಪಂಚಾಂಗದ ಜೊತೆ ತಾಳೆ ನೋಡಬೇಕಲ್ಲ. ಶನಿವಾರದಿಂದ ದಿನಕ್ಕೊಂದರಂತೆ ನೋಡುತ್ತ ಬಂದವನಿಗೆ ಏಳನೆಯದು ಸಿಕ್ಕಿದ್ದು ಗಡುವಿನ ಶುಕ್ರವಾರ ಬೆಳಿಗ್ಗೆ. ಆಫೀಸಿಗೆ ಅರ್ಧ ದಿನ ರಜೆ ಹೇಳಿ, ಸ್ನಾನ ಮಾಡಿ, ತಾಳೆ ನೋಡಿ, ಸರಿ ಇದೆ ಎಂದು ಫಾರಂ ತೆರೆದ. ಅದರಲ್ಲೊಂದು ಪ್ರಶ್ನೆ ಇತ್ತು: ‘ಈ ಕೋರ್ಸಿನಿಂದ ನೀವು ಕಲಿತದ್ದೇನು? ಇನ್ನೂರು ಪದಗಳಲ್ಲಿ ಬರೆಯಿರಿ.’ ಶೀನಣ್ಣ ಮದುವೆ ಕರೆಯೋಲೆಯೊಂದರ ಹಿಂಬದಿಯಲ್ಲಿ ಮೊದಲು ಪೆನ್ಸಿಲಿನಲ್ಲಿ ಕರಡು ಮಾಡತೊಡಗಿದ. ಅರವತ್ತೊಂದನೇ ಪದದಲ್ಲಿದ್ದಾಗ ಲ್ಯಾಪ್‌ಟಾಪು ಕಿಣಿಕಿಣಿ ಎಂದಿತು. ಅವನದೇ ಪ್ರೋಗ್ರಾಂ ಕೆಂಪಕ್ಷರದಲ್ಲಿ ಹೇಳುತ್ತಿತ್ತು: ‘ಬೆಂಗಳೂರು. ರಾಹುಕಾಲಕ್ಕೆ ಇನ್ನು ಹದಿನೈದು ನಿಮಿಷ. ಹನ್ನೊಂದು ಎರಡರಿಂದ ಹನ್ನೆರಡು ಇಪ್ಪತ್ತೇಳರವರೆಗೆ.’

ಶೀನಣ್ಣ ಪೆನ್ಸಿಲು ಕೆಳಗಿಟ್ಟ. ಕರಡು ಮುಗಿಯುವ ಹೊತ್ತಿಗೆ ರಾಹುಕಾಲ, ರಾಹುಕಾಲ ಮುಗಿಯುವ ಮೊದಲೇ ಗಡುವು.

“ಕಳಿಸ್ರೀ ಸುಮ್ನೆ, ಏನಾಗಲ್ಲ,” ಎಂದಳು ಚೂಡಾಮಣಿ.

“ಸ್ಕೂಟರ್ ತಗೊಂಡಾಗ್ಲೂ ಹಿಂಗೇ ಅಂದಿದ್ದೆ.”

ರಾಹುಕಾಲದಲ್ಲಿ ಕೊಂಡ ಆ ಸ್ಕೂಟರು ಎಡಕ್ಕೆ ಮಾತ್ರ ತಿರುಗುತ್ತಿತ್ತು. ಹನ್ನೊಂದು ವರ್ಷದಿಂದ ಶೀನಣ್ಣ ಬಲಕ್ಕೆ ತಿರುಗದೆಯೇ ಆಫೀಸು ಸೇರುತ್ತಿದ್ದ.

“ಹಂಗಾದ್ರೆ ಪ್ರಸ್ಥಾನ ಇಡಿ,” ಎಂದಳು ಚೂಡಾಮಣಿ. “ನಮ್ಮಪ್ಪ ಕಾಶಿಗೆ ಹೋಗೋವಾಗ ಇಟ್ಟಿರ್ಲಿಲ್ವಾ? ಒಳ್ಳೆ ಹೊತ್ತಲ್ಲಿ ಚೀಲ ಪಕ್ಕದ್ಮನೇಲಿ ಇಟ್ರೆ ಪ್ರಯಾಣ ಶುರುವಾದ ಹಾಗೇ. ಆಮೇಲೆ ಯಾವಾಗ ಹೊರಟ್ರೂ ರಾಹು ಕೇಳಲ್ಲ.”

ಶೀನಣ್ಣನ ಮುಖ ಅರಳಿತು. ತನ್ನ ಪ್ರೋಗ್ರಾಮನ್ನು ಪೆನ್‌ಡ್ರೈವಿಗೆ ಹಾಕಿದ. ಚೂಡಾಮಣಿ ಬಗ್ಗಿ ನೋಡಿದಳು. “ಒಂದು ಕಾಪಿ ಇಲ್ಲೂ ಇರುತ್ತಲ್ವಾ?”

“ಅದೆಂಗಾಗತ್ತೆ? ಮನೇಲೂ ನಾನೇ, ಪಕ್ಕದ್ಮನೇಲೂ ನಾನೇ ಅಂದ್ರೆ ಹೊರಟಂಗಾಯ್ತಾ? ರಾಹು ಏನು ದಡ್ಡನಾ?” ಎಂದವನೇ ಲ್ಯಾಪ್‌ಟಾಪಿನಲ್ಲಿದ್ದುದನ್ನು ಅಳಿಸಿದ. ಅಳಿಸಿದ್ದು ಹೋಗಿ ಬೀಳುವ ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. ಹನ್ನೆರಡು ವಾರ ನಕಲಿನ ಮಹಿಮೆ ಕಲಿತವನು ಪೆನ್‌ಡ್ರೈವಿನ ಜೊತೆ ವೀಳ್ಯದೆಲೆ, ಅಕ್ಷತೆ ಇಟ್ಟು ಕರ್ಚೀಫಿನಲ್ಲಿ ಗಂಟು ಕಟ್ಟಿ, ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಪಕ್ಕದ ಮನೆಯ ಶೈಲಜಮ್ಮನವರ ಕೈಗೆ ಕೊಟ್ಟು, “ಜೋಪಾನ, ಪ್ರಸ್ಥಾನದ್ದು. ಅರ್ಧ ಗಂಟೇಲಿ ಬರ್ತೀನಿ,” ಎಂದ.

ಇನ್ನೂರು ಪದ ಮುಗಿದಾಗ ಹನ್ನೊಂದು ಮೂವತ್ತೆಂಟು. ಶೀನಣ್ಣ ಪಕ್ಕದ ಮನೆಗೆ ಹೋದ. ಬೀಗ. ಫೋನು ಮಾಡಿದ.

“ಶೈಲಜಮ್ಮಾ, ಎಲ್ಲಿದೀರಿ?”

“ಮೆಟ್ರೋಲಪ್ಪ. ಮಲ್ಲೇಶ್ವರದಲ್ಲಿ ತಂಗಿ ಮನೇಲಿ ಹೂರಣದ ಹೋಳಿಗೆ.”

“ನನ್ನ ಗಂಟು?”

“ಸೊಂಟದಲ್ಲಿದೆ! ಪರರ ವಸ್ತು, ಖಾಲಿ ಮನೇಲಿ ಬಿಟ್ಟು ಬರಕ್ಕಾಗತ್ತಾ? ಪ್ರಸ್ಥಾನದ್ದು ಅಂದ್ರಲ್ಲ, ಪ್ರಯಾಣ ಚೆನ್ನಾಗೇ ಆಗ್ತಿದೆ. ಸೀಟೂ ಸಿಕ್ತು.”

ಶೀನಣ್ಣ ಮೆಟ್ಟಿಲ ಮೇಲೆ ಕೂತ. ಮೂರು ವಾರ ಬರೆದದ್ದನ್ನು ಇಪ್ಪತ್ತು ನಿಮಿಷದಲ್ಲಿ ಮತ್ತೆ ಬರೆಯಲು ಅವನೇನು ಯಂತ್ರವೇ?

“ಮಾಯಣ್ಣನ ಹತ್ರ ಒಂದಿದೆಯಲ್ಲ,” ಎಂದಳು ಚೂಡಾಮಣಿ.

ಕಿಟಕಿಗೆ ಕರ್ಟನ್ನಿನ ಅಳತೆ ಹಾಕುತ್ತಿರುವವನ ಹತ್ತಿರ ಬೇಡಬೇಕು. ಶೀನಣ್ಣ ಬೇಡಿದ.

“ಮಾಯಣ್ಣ, ನಾನು ಕೊಟ್ಟಿದ್ನಲ್ಲ, ಅದನ್ನ ತಕ್ಷಣ ನಂಗೆ ಕಳ್ಸು ಗುರು. ಸೀಟಿನ ಪ್ರಶ್ನೆ.”

“ಯಾವುದಣ್ಣ? ಓ, ಅದಾ? ಸಿಸ್ಟಂ ಹ್ಯಾಂಗ್ ಆಗದೆ ಕಣಣ್ಣ.”

“ಮತ್ತೆ ನೀನು ಪರೀಕ್ಷೆಗೆ ಏನು ಕಳಿಸ್ದೆ?”

“ಅದು... ಏನೋ ಒಂದು. ನೆನ್ನೇನೇ ಕಳಿಸ್ದೆ. ಹಲೋ? ಹಲೋ? ನಿಮ್ಮ ವಾಯ್ಸ್ ಬರ್ತಿಲ್ಲ,” ಎಂದ ಮಾಯಣ್ಣ, ಧ್ವನಿ ಗಂಟೆಯಂತೆ ಬರುತ್ತಿರುವಾಗ.

ಹನ್ನೆರಡು ಬಡಿಯಿತು.

ಶೀನಣ್ಣ ಒಂದು ಗೋಣಿಚೀಲ ಮಡಚಿಕೊಂಡು, ಎಡಕ್ಕೆ, ಎಡಕ್ಕೆ, ಎಡಕ್ಕೆ ತಿರುಗಿ ಆಫೀಸಿಗೆ ಬಂದ. ಕಿಟಕಿ ಪಕ್ಕದ ಮೇಜಿನ ಡ್ರಾಯರು ಎಳೆದು ಖಾಲಿ ಮಾಡತೊಡಗಿದ. ಮಂಕಾದ ಲೋಟ, ಹಲ್ಲಿಲ್ಲದ ಬಾಚಣಿಗೆ, ಚಟ್ನಿ ಚೆಲ್ಲಿದ ಇಪ್ಪತ್ತಾರು ಡೈರಿ. ಎದುರಿನ ಕಾವಲಿ ಚುಂಯ್ ಎಂದಿತು. ಅವನು ಏಳಲಿಲ್ಲ. ಹೋಟೆಲಿನವರು ಹೊರಗೆ ಬಂದು ಗಾಬರಿಯಿಂದ ಈ ಕಡೆ ನೋಡಿದರು.

ಮಾಯಣ್ಣ ತನ್ನ ಜಾಗದಲ್ಲಿ ಫೈಲಿನೊಳಗೆ ಮುಖ ಹುದುಗಿಸಿಕೊಂಡು ಕೂತಿದ್ದ. ಫೈಲು ತಲೆಕೆಳಗಾಗಿತ್ತು.

ಎರಡೂವರೆಗೆ ಪೂಜಿತಾ ಮೇಡಂ ಒಂದು ಹಾಳೆ ಹಿಡಿದು ಬಂದರು. “ಶೀನಣ್ಣ ಸರ್, ಎಲ್ಲಿಗೆ ಹೊರಟ್ರಿ?”

“ಬಿನ್ನಿಪೇಟೆಗೆ ಮೇಡಂ.”

“ಯಾಕೆ? ನೀವು ಪಾಸು.”

ಶೀನಣ್ಣನ ಕೈಯಿಂದ ಬಾಚಣಿಗೆ ಬಿತ್ತು. “ನಾನು ಕಳಿಸೇ ಇಲ್ವಲ್ಲ ಮೇಡಂ!”

“ನೀವು ಕಳಿಸಿಲ್ಲ. ಮಾಯಣ್ಣ ಅವರು ಕಳಿಸಿದಾರೆ.” ಮೇಡಂ ಹಾಳೆ ನೋಡಿದರು. “ರಾಹುಕಾಲದ ಪ್ರೋಗ್ರಾಂ. ನಾರ್ವೆಯವರು ಇವತ್ತು ಬೆಳಿಗ್ಗೆ ಒಪ್ಪಿದಾರೆ. ಆದರೆ ನೆತ್ತಿ ಮೇಲೆ ಇರೋ ಹೆಸರು, ರಿಜಿಸ್ಟರ್ ನಂಬರು ನಿಮ್ದು. ಬರೆದವರಿಗೇ ಅಂಕ, ಅದು ಕೋರ್ಸಿನ ನಿಯಮ. ‘ಶ್ರೀ’ ಅಂದ್ರೇನು ಅಂತ ಅವರು ಕೇಳಿದಾರೆ, ನೀವೇ ಉತ್ತರ ಬರೀರಿ.”

ಎಲ್ಲರೂ ಮಾಯಣ್ಣನತ್ತ ತಿರುಗಿದರು. ಮಾಯಣ್ಣ ಫೈಲು ಇಳಿಸಿದ.

“ಇದ್ದ ಹಾಗೆ ಇಳಿಸ್ಬಿಟ್ಟೆ ಮೇಡಂ,” ಎಂದ ಸಣ್ಣ ಧ್ವನಿಯಲ್ಲಿ. “ಓದ್ಲಿಲ್ಲ.”

“ನೆನ್ನೆ ಎಷ್ಟೊತ್ತಿಗೆ ಕಳಿಸ್ದೆ?” ಎಂದು ಕೇಳಿದ ಶೀನಣ್ಣ.

“ಊಟ ಆದ್ಮೇಲೆ. ಎರಡೂವರೆ.”

“ಗುರುವಾರ ಎರಡೂವರೆ!” ಶೀನಣ್ಣ ಆಫೀಸಿನ ಎಲ್ಲರಿಗೂ ಕೇಳುವಂತೆ ಹೇಳಿದ. “ನಟ್ಟನಡು ರಾಹುಕಾಲ! ನೀನು ಕಳಿಸಿದ ಆ ಪ್ರೋಗ್ರಾಮನ್ನೇ ಒಂದ್ಸಲ ಕೇಳಿದ್ರೆ ಅದೇ ಬೇಡ ಅಂತಿತ್ತಲ್ಲೋ!”

ಇತ್ತ ತನ್ನ ಗಂಟು ಒಳ್ಳೆಯ ಹೊತ್ತಿನಲ್ಲಿ ಮನೆ ಬಿಟ್ಟು, ಮೆಟ್ರೋದಲ್ಲಿ ಸೀಟು ಹಿಡಿದು, ಹೋಳಿಗೆಯ ಮನೆ ಸೇರಿತ್ತು. ಪ್ರಸ್ಥಾನ ಫಲಿಸಿತು ಎಂಬುದಕ್ಕೆ ಶೀನಣ್ಣನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಸಂಜೆ ಅದು ವಾಪಸು ಬಂದಾಗ ಶೈಲಜಮ್ಮನವರ ತಂಗಿ ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿದ್ದರಿಂದ ಯಾವ ಲ್ಯಾಪ್‌ಟಾಪಿಗೂ ಹೊಂದುತ್ತಿರಲಿಲ್ಲ.

ಮೇಡಂ ತಂದಿದ್ದ ಹಾಳೆಯ ಕೊನೆಯಲ್ಲಿ ನಾರ್ವೆಯವನ ಎರಡು ಸಾಲಿತ್ತು. ಅವನ ಊರಿನಲ್ಲಿ ಈಗ ಒಂದೂವರೆ ತಿಂಗಳಿಂದ ಸೂರ್ಯನೇ ಹುಟ್ಟಿಲ್ಲ, ಹಾಗಾಗಿ ಪ್ರೋಗ್ರಾಂ ‘ರಾಹುಕಾಲ: ಸೊನ್ನೆ ನಿಮಿಷ’ ಎಂದು ತೋರಿಸುತ್ತಿದೆ, ಊರವರೆಲ್ಲ ಬಹಳ ಖುಷಿಯಾಗಿದ್ದಾರೆ, ನಾಲ್ಕು ಮದುವೆ ಗೊತ್ತಾಗಿವೆ ಎಂದು.

ಮೇಡಂ ಮಾಯಣ್ಣನಿಗೆ ಇನ್ನೊಂದು ಅವಕಾಶ ಕೊಡಿಸಿದರು, ಹತ್ತು ದಿನ. ಅವರು ಹೋದ ಮೇಲೆ ಮಾಯಣ್ಣ ನಿಧಾನವಾಗಿ ಎದ್ದು ಕಿಟಕಿಯ ಹತ್ತಿರ ಬಂದು, ನೆಲಕ್ಕೆ ಬಿದ್ದಿದ್ದ ಬಾಚಣಿಗೆ ಎತ್ತಿಕೊಟ್ಟ.

“ತಪ್ಪಾಯ್ತಣ್ಣ. ಬಿನ್ನಿಪೇಟೆ ಅಂದ್ರೆ ಎದೆ ಢವಢವ ಅಂತದೆ. ನನಗೆ ಸ್ವಂತದ್ದು ಏನೂ ಹೊಳಿಯಲ್ಲ.”

ಶೀನಣ್ಣ ಡೈರಿಗಳನ್ನು ಒಂದೊಂದಾಗಿ ಡ್ರಾಯರಿಗೆ ಸೇರಿಸುತ್ತಾ ಸ್ವಲ್ಪ ಹೊತ್ತು ಬಿಗುಮಾನದಲ್ಲಿದ್ದ. ಇಪ್ಪತ್ತಾರನೆಯದನ್ನು ಇಟ್ಟ ಮೇಲೆ ಕರಗಿದ.

“ಆ ಕ್ಯಾಲೆಂಡರಲ್ಲಿ ಯಮಗಂಡ ಕಾಲ ಇನ್ನೂ ಇಲ್ಲ. ಅದನ್ನ ನೀನು ಬರಿ. ಲೆಕ್ಕ ಅದೇ, ಪಾಲು ಬೇರೆ, ಅಷ್ಟೇ. ಗುಳಿಕ ಕಾಲದ ತಂಟೆಗೆ ಹೋಗ್ಬೇಡ, ಅದನ್ನ ಚೂಡಾಮಣಿ ಶುರು ಮಾಡಿದಾಳೆ.”

ಮಾಯಣ್ಣನ ಕಣ್ಣಲ್ಲಿ ನೀರು ಬಂತು. ಕುರ್ಚಿ ಎಳೆದುಕೊಂಡು ಕಿಟಕಿಯ ಬೆಳಕಿನಲ್ಲೇ ಕೂತ. ಎದುರಿನ ಕಾವಲಿಯಿಂದ ಮತ್ತೆ ಚುಂಯ್ ಎಂದು ಕೇಳಿ ಶೀನಣ್ಣ ಎದ್ದು ನಿಂತ. ಮಾಯಣ್ಣ ಜೇಬಿನಿಂದ ಪೆನ್ನು ತೆಗೆದು, ಒಂದು ಬಿಳಿ ಹಾಳೆಯನ್ನು ಮುಂದಿಟ್ಟುಕೊಂಡು, ನೆತ್ತಿಯ ಮೇಲೆ ‘ಶ್ರೀ’ ಎಂದು ಬರೆದು, ತಲೆ ಎತ್ತಿದ.

“ಅಣ್ಣಾ, ಇದ್ರ ಕೆಳಗೆ ಯಾರ ಹೆಸರು ಬರೀಲಿ?”